ಸರದಿ ನಿಮ್ಮದು, ಕೋಲೂ ನಿಮ್ಮ ಬೀರುವಿನಲ್ಲೇ ಇದೆ

ಕಿರಿಯ ಆರೈಕೆದಾರರ ಬೆಂಬಲ ಘಟಕದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಸರದಿ ಶುರುವಾಗಿ ಇವತ್ತಿಗೆ ಇಪ್ಪತ್ತಮೂರು ದಿನವಾಯಿತು. ನೀವು ಇನ್ನೂ ಬಂದಿಲ್ಲ. ಹಂದನಕೆರೆ ಕಡೆಯ ಕರೇಕಲ್ಲು ಹಟ್ಟಿಯಲ್ಲಿ ನಿಂಗಮ್ಮನ ಮಂಚದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕೂವರೆವರೆಗೆ ನೀವು ಅದರಲ್ಲಿ ಕೂತಿರಬೇಕಿತ್ತು. ನೀವು ಕೂರಲಿಲ್ಲ. ಅದರಿಂದಾಗಿ ನಿಂಗಮ್ಮನ ಮಗಳು ಯಮುನಾ, ದ್ವಿತೀಯ ಪಿಯುಸಿ ಓದುತ್ತಿರುವ ಹದಿನೇಳರ ಹುಡುಗಿ, ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಗೈರುಹಾಜರಾದಳು. ಇದು ನನ್ನ ದೂರು.

"ಯಾವ ಸರದಿ? ಯಾವ ಕುರ್ಚಿ? ನನಗೆ ಅಂಥ ಆದೇಶ ಯಾವುದೂ ಬಂದಿಲ್ಲವಲ್ಲ?" ಎಂದು ನೀವು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಆದೇಶ ಬಂದಿದೆ, ಸ್ವಾಮಿ. ನೀವೇ ಬಂದು ಕೈಯಾರೆ ತೆಗೆದುಕೊಂಡು ಹೋಗಿದ್ದೀರಿ. ಫೋಟೋ ಕೂಡ ತೆಗೆಸಿಕೊಂಡಿದ್ದೀರಿ. ಆ ಆದೇಶ ಕಾಗದದಲ್ಲಿರಲಿಲ್ಲ, ಬಿದಿರಿನಲ್ಲಿತ್ತು, ಅಷ್ಟೇ ವ್ಯತ್ಯಾಸ. ನೀವು ಕೆಟ್ಟವರೆಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು, ನಾಲ್ಕು ಸಾಲಿನಲ್ಲಿ ಬೈದು ಮುಗಿಸುತ್ತಿದ್ದೆ. ನೀವು ಒಳ್ಳೆಯವರಾದ್ದರಿಂದಲೇ ಇಷ್ಟುದ್ದ ಬರೆಯಬೇಕಾಗಿದೆ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಆ ಹಟ್ಟಿಯ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ಕಳೆದ ವರ್ಷ ನಿವೃತ್ತಳಾದವಳು. ನನ್ನೂರು ಹಟ್ಟಿಯಿಂದ ಒಂದೂವರೆ ಮೈಲಿ ದೂರದಲ್ಲಿದೆ, ನಮ್ಮದು ತೆಂಗಿನ ತೋಟದ ಮನೆ. ಯಮುನಾ ನನ್ನ ಹತ್ತಿರ ಅ ಆ ತಿದ್ದಿದವಳು, ಈಗಲೂ ನನ್ನನ್ನು ಮಿಸ್ ಎಂದೇ ಕರೆಯುತ್ತಾಳೆ. ಅವಳ ಅಪ್ಪ ಚಿತ್ತಣ್ಣ ಕುರಿ ಕಾಯುವವನು. ವರ್ಷದಲ್ಲಿ ಎಂಟು ತಿಂಗಳು ಅವನ ಮಂದೆ ತುರುವೇಕೆರೆ, ದಬ್ಬೇಘಟ್ಟದ ಕಡೆ ತೋಟದಿಂದ ತೋಟಕ್ಕೆ ಹೋಗುತ್ತಿರುತ್ತದೆ. ರಾತ್ರಿ ಕುರಿ ನಿಲ್ಲಿಸಿದ ತೋಟದಲ್ಲಿ ಹಿಕ್ಕೆಯ ಗೊಬ್ಬರಕ್ಕೆ ಮರುವರ್ಷ ತೆಂಗು ಹೇಗೆ ಕಾಯಿ ಹಿಡಿಯುತ್ತದೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅಮ್ಮ ನಿಂಗಮ್ಮನಿಗೆ ನಲವತ್ತೊಂದು ವಯಸ್ಸು. ಮೂರು ವರ್ಷದ ಹಿಂದೆ ಕುರಿದೊಡ್ಡಿ ಗುಡಿಸುತ್ತಿದ್ದಾಗ ಪೊರಕೆ ಹಿಡಿದಂತೆಯೇ ಕುಸಿದಳು. ಲಕ್ವ ಹೊಡೆದು ಬಲಗೈ, ಬಲಗಾಲು ಹೋಯಿತು, ಮಾತು ತೊದಲಾಯಿತು. ಬುದ್ಧಿ, ನೆನಪು, ಬಾಯಿಯ ಖಾರ ಮಾತ್ರ ಹಾಗೆಯೇ ಇವೆ.

ಆಗ ಯಮುನಾ ಒಂಬತ್ತನೇ ತರಗತಿ. ಅಂದಿನಿಂದ ಅವಳು ಐದಕ್ಕೆ ಎದ್ದು ಅಮ್ಮನ ಬಟ್ಟೆ ಬದಲಿಸಿ, ಮೈ ಒರೆಸಿ, ಮಗ್ಗುಲು ಹೊರಳಿಸಿ, ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ನೀರು ತಂದು, ಮುದ್ದೆ ತೊಳಸಿಟ್ಟು, ಆಮೇಲೆ ಚೀಲ ಹೆಗಲಿಗೇರಿಸುತ್ತಾಳೆ. ಪಿಯುಸಿಗೆ ಚಿಕ್ಕನಾಯಕನಹಳ್ಳಿಗೆ ಹೋಗಬೇಕು, ಇರುವುದು ಎಂಟೂಕಾಲರ ಒಂದೇ ಬಸ್ಸು. ಒಮ್ಮೆ ರೇಷನ್ ತರಲು ಅರ್ಧ ಗಂಟೆ ಹೋಗಿ ಬರುವಷ್ಟರಲ್ಲಿ ಅಮ್ಮ ಮಂಚದಿಂದ ಬಿದ್ದು, ಮುಖ ನೆಲಕ್ಕೊತ್ತಿ ಉಸಿರಿಗೆ ಒದ್ದಾಡುತ್ತಿದ್ದಳು. ಅವತ್ತಿನಿಂದ ಅಮ್ಮನನ್ನು ಒಬ್ಬಳನ್ನೇ ಬಿಟ್ಟು ಹುಡುಗಿ ಎಲ್ಲಿಗೂ ಹೋಗುವುದಿಲ್ಲ. ಮೊದಲ ವರ್ಷ ಹಾಜರಾತಿ ಅರ್ಧಕ್ಕೆ ಇಳಿದಾಗ ಕಾಲೇಜಿನವರು ಎಚ್ಚರಿಕೆಯ ಪತ್ರ ಕಳಿಸಿದರು. "ಪಾಲಕರು ಬಂದು ಕಾಣತಕ್ಕದ್ದು" ಎಂದಿತ್ತು. ಕಾಣತಕ್ಕ ಪಾಲಕರಲ್ಲಿ ಒಬ್ಬರು ದಬ್ಬೇಘಟ್ಟದ ತೋಟದಲ್ಲಿ, ಇನ್ನೊಬ್ಬರು ಮಂಚದ ಮೇಲೆ. ಹೋಗಿ ಕಂಡವಳು ನಾನು.

ಇನ್ನು ಕೋಲಿನ ವಿಷಯ. ಹಟ್ಟಿಯಲ್ಲಿ ಹದಿನಾರು ಮನೆ. ದೊಡ್ಡ ಮಂದೆಗಳು ಹೊರಗೆ ಹೋದಾಗ ಉಳಿಯುವ ಮರಿ, ಕುಂಟ ಕುರಿ, ನಾಲ್ಕಾರು ಎಮ್ಮೆಗಳನ್ನು ಮೇಯಿಸಲು ಮನೆಗೊಂದು ದಿನದ ಸರದಿ. ಸಂಜೆ ದನ ಹೊಡೆದುಕೊಂಡು ಬಂದವರು ಕೈಲಿದ್ದ ಕೋಲನ್ನು ಪಕ್ಕದ ಮನೆಯ ಬಾಗಿಲಿಗೆ ಒರಗಿಸಿ ಹೋಗುತ್ತಾರೆ. ಬೆಳಗ್ಗೆ ಎದ್ದು ಬಾಗಿಲು ತೆಗೆದಾಗ ಕೋಲು ಕಂಡರೆ ಇವತ್ತು ನಮ್ಮ ಸರದಿ ಎಂದು ತಿಳಿಯಿತು. ಪಟ್ಟಿ ಇಲ್ಲ, ಸಹಿ ಇಲ್ಲ, ವಾಟ್ಸಾಪ್ ಗುಂಪು ಇಲ್ಲ. ಕೋಲು ಕಂಡೂ ಹೋಗದವರು ಆ ಹಟ್ಟಿಯಲ್ಲಿ ನನಗೆ ತಿಳಿದಂತೆ ಒಬ್ಬರೂ ಇಲ್ಲ. ಇನ್ನೊಬ್ಬರ ಸರದಿಗೆ ಕರೆಯದೆ ಹೋಗುವವರೂ ಇಲ್ಲ, ಏಕೆಂದರೆ ಒಂದು ಮನೆಯ ಸರದಿಯನ್ನು ಇನ್ನೊಬ್ಬರು ಮಾಡಿದರೆ ಆ ಮನೆಯವರನ್ನು ಹಟ್ಟಿಯ ಲೆಕ್ಕದಿಂದ ತೆಗೆದುಹಾಕಿದಂತೆ. ಅಂಥ ಅವಮಾನವನ್ನು ಅವರು ಜಗಳವಾಡಿದವರಿಗೂ ಮಾಡುವುದಿಲ್ಲ.

ಕಾಲೇಜಿನ ಪತ್ರ ಬಂದ ವಾರ ಹಟ್ಟಿಯ ಹಿರಿಯ ಈರಣ್ಣ ಇನ್ನೊಂದು ಬಿದಿರು ಕಡಿದು, ತುದಿಗೆ ಕಂಬಳಿಯ ಕಪ್ಪು ದಾರ ಸುತ್ತಿದ. "ಮರೀಗೊಂದು ಕೋಲೈತೆ, ಮನುಷ್ರಿಗೊಂದು ಇರ್ಲಿ ಬುಡ್ರಪ್ಪ," ಅಂದ. ಆಗಿದ್ದು ಅಷ್ಟೇ ಚರ್ಚೆ. ಮಾರನೆಯ ದಿನದಿಂದ ದಾರ ಸುತ್ತಿದ ಕೋಲು ಯಾರ ಬಾಗಿಲಲ್ಲಿದೆಯೋ ಆ ಮನೆಯವರು ಒಬ್ಬರು ಎಂಟಕ್ಕೆ ನಿಂಗಮ್ಮನ ಪಕ್ಕ ಕೂತರು. ಮಗ್ಗುಲು ಹೊರಳಿಸಿದರು, ಊಟ ಮಾಡಿಸಿದರು, ಬೈಸಿಕೊಂಡರು. ಆಟೋ ಓಡಿಸುವ ಜ್ಞಾನೇಶ್ ತನ್ನ ಸರದಿಯ ದಿನ ಬಾಡಿಗೆ ಬಿಟ್ಟು ಅತ್ತಿಗೆಯ ಜೊತೆ ಬಂದು ಕೂತ. ಯಮುನಾ ನೂರಾ ಹದಿನೆಂಟು ದಿನ ಸತತವಾಗಿ ಕಾಲೇಜಿಗೆ ಹೋದಳು. ಇಷ್ಟಕ್ಕೂ ಉಳಿದ ಹದಿನೈದೂವರೆ ಗಂಟೆ ಅವಳದೇ, ಅದನ್ನು ಮರೆಯಬೇಡಿ.

ಈಗ ನಿಮ್ಮ ಘಟಕಕ್ಕೆ ಬರೋಣ. ಮನೆಯವರ ಆರೈಕೆಯಲ್ಲಿ ಓದು ಕಳೆದುಕೊಳ್ಳುವ ಮಕ್ಕಳಿಗೂ ಒಂದು ಕಚೇರಿ ಬಂತೆಂದು ಕೇಳಿದಾಗ, ಸತ್ಯವಾಗಿ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ನಿಮ್ಮ ಕರಪತ್ರವನ್ನು ಎರಡು ಸಲ ಓದಿದೆ. ಅದರಲ್ಲೊಬ್ಬಳು ಹುಡುಗಿ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಅಜ್ಜಿಗೆ ಸೇಬು ತಿನ್ನಿಸುತ್ತ ನಗುತ್ತಿದ್ದಳು, ಅಜ್ಜಿಯೂ ನಗುತ್ತಿದ್ದರು. ಸರಿ, ಚಿತ್ರಕ್ಕೆ ನಾವೂ ನಗುತ್ತೇವೆ. ಆಮೇಲೆ ನಿಮ್ಮ ಅರ್ಜಿ ನಮೂನೆ ಬಂತು. "ಆರೈಕೆಯ ಹೊಣೆ ವಹಿಸಿಕೊಂಡ ದಿನಾಂಕ" ಎಂದಿತ್ತು. ಯಮುನಾ ಅಮ್ಮ ಬಿದ್ದ ದಿನ ಬರೆದಳು. "ಹೊಣೆ ವಹಿಸಿದವರ ಹೆಸರು ಮತ್ತು ಹುದ್ದೆ" ಎಂದಿತ್ತು. ಪೆನ್ನು ಕಚ್ಚಿಕೊಂಡು, "ದೇವ್ರು ಅಂತ ಬರೀಲಾ ಮಿಸ್?" ಅಂದಳು. ಹುದ್ದೆ ಏನೆಂದು ಬರೆಯಬೇಕೆಂದು ನನಗೂ ತಿಳಿಯದೆ ಖಾಲಿ ಬಿಟ್ಟೆವು. ಅಪೂರ್ಣ ಅರ್ಜಿ ಎಂದು ಅದು ವಾಪಸು ಬಂತು.

ತರುವಾಯ ಸಮಯ ನಿರ್ವಹಣೆಯ ಕಾರ್ಯಾಗಾರಕ್ಕೆ ಆಹ್ವಾನ ಬಂತು. ತಿಪಟೂರಿನಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಮಧ್ಯೆ ಊಟ. ಮೂರು ತಾಲ್ಲೂಕಿನಿಂದ ನಲವತ್ತು ಮಕ್ಕಳನ್ನು ಕರೆದಿದ್ದಿರಿ, ನಾಲ್ಕು ಜನ ಬಂದಿದ್ದರಂತೆ. "ನಿರೀಕ್ಷಿತ ಸ್ಪಂದನೆ ದೊರೆಯಲಿಲ್ಲ" ಎಂದು ನಿಮ್ಮ ವರದಿ ಮರುಗಿದೆ. ಮಾನ್ಯರೇ, ಉಳಿದ ಮೂವತ್ತಾರು ಮಕ್ಕಳಿಗೆ ಸಮಯ ನಿರ್ವಹಣೆ ಚೆನ್ನಾಗಿಯೇ ಬರುತ್ತದೆ, ಅದಕ್ಕೇ ಅವರು ಬರಲಿಲ್ಲ. ಹಾಸಿಗೆ ಹಿಡಿದವರನ್ನು ಏಳು ಗಂಟೆ ಬಿಟ್ಟು ಬಂದು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಹೇಗೆಂದು ಕಲಿಯುವಷ್ಟು ಪುರುಸೊತ್ತು ಯಾರಿಗಿರುತ್ತದೆ? ಹೋದ ನಾಲ್ವರಿಗೆ ನಿಮ್ಮ ಆಪ್ತಸಮಾಲೋಚಕರು "ದಿನಕ್ಕೆ ಅರ್ಧ ಗಂಟೆ ನಿಮಗಾಗಿ ನಡೆಯಿರಿ" ಎಂದರಂತೆ. ನಮ್ಮ ಮಕ್ಕಳು ನಡೆಯುತ್ತಾರೆ ಸ್ವಾಮಿ, ತಲೆಯ ಮೇಲೆ ಬಿಂದಿಗೆ ಇರುತ್ತದೆ, ಅಷ್ಟೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನಾನು ನಿಮ್ಮನ್ನು ಆಡಿಕೊಳ್ಳುವುದಿಲ್ಲ. ನೀವು ಶಾಸ್ತ್ರವನ್ನು ನಂಬಿಯೇ ಹೇಳುತ್ತಿದ್ದೀರಿ, ನನಗೆ ಗೊತ್ತು.

ಹೀಗಿರುವಾಗ ನಾನು ಒಂದು ಜಾಣತನ ಮಾಡಿದೆ. ನಿಮ್ಮ ಸಭೆಯೊಂದಕ್ಕೆ ಬಂದು, ಎದ್ದು ನಿಂತು, ನಮ್ಮ ಹಟ್ಟಿಯ ಕೋಲಿನ ಕಥೆ ಹೇಳಿದೆ. ನನ್ನ ಹಟ್ಟಿ ಎಂಬ ಹೆಮ್ಮೆ ಇತ್ತು, ಸುಳ್ಳೇಕೆ ಹೇಳಲಿ, ನಾಲ್ಕು ಜನರ ಮುಂದೆ ಚಪ್ಪಾಳೆ ತಟ್ಟಿಸಿಕೊಳ್ಳುವ ಆಸೆಯೂ ಇತ್ತು. ನೀವು ಅವತ್ತೇ ಬರುತ್ತೇನೆಂದಿರಿ, ಹೇಳಿದ ಹಾಗೆ ವಾರದೊಳಗೆ ಬಂದೂ ಬಂದಿರಿ. ನಿಂಗಮ್ಮನ ಮಂಚದ ಅಂಚಿನಲ್ಲಿ ಕೂತು ಅವಳ ಎಡಗೈ ಹಿಡಿದುಕೊಂಡಿರಿ. ನಿಮ್ಮ ಕಣ್ಣು ತುಂಬಿದ್ದನ್ನು ನಾನು ನೋಡಿದ್ದೇನೆ, ಅದು ನಾಟಕವಲ್ಲ. ಮಜ್ಜಿಗೆ ಕುಡಿದು ಹೊರಗೆ ಬಂದು, "ಇದು ಇಡೀ ರಾಜ್ಯಕ್ಕೆ ಮಾದರಿ, ಆ ಕೋಲು ನಮಗೆ ಬೇಕು, ವಸ್ತುಪ್ರದರ್ಶನದಲ್ಲಿ ಇಡೋಣ, ಎರಡು ದಿನದಲ್ಲಿ ವಾಪಸು" ಎಂದಿರಿ.

ಅವತ್ತು ಸಂಜೆ ಕೋಲು ಇದ್ದದ್ದು ಕಾಟಮ್ಮನ ಬಾಗಿಲಲ್ಲಿ. ಕಾಟಮ್ಮ ನಿಂಗಮ್ಮನ ಮನೆಯ ಎದುರಿನ ಮುದುಕಿ, ಮಾರನೆಯ ದಿನ ಅವಳ ಸರದಿ. ಈರಣ್ಣ ಹುಳಿಯಾರಿನ ಕುರಿಸಂತೆಗೆ ಹೋಗಿದ್ದ. ನಾನೇ ಕೋಲು ತಂದು, ಒರೆಸಿ, ನನ್ನ ಹೊಸ ಟವೆಲಿನಲ್ಲಿ ಸುತ್ತಿ ನಿಮ್ಮ ಜೀಪಿನಲ್ಲಿ ಇಟ್ಟೆ. ಕಾಟಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ತಗಂಡೋಗ್ತಾ ಅವ್ರಾ?" ಅಂದಳು.

"ಹೂಂ ಕಾಟಮ್ಮ, ಸರ್ಕಾರಕ್ಕೆ ಬೇಕಂತೆ," ಅಂದೆ.

"ತಗಂಡೋಗ್ಲಿ ಬುಡು. ಅವ್ರದ್ದೂ ಒಂದು ಸರದಿ ಆಗ್ಲಿ."

ನಾವೆಲ್ಲ ನಕ್ಕೆವು. ನೀವೂ ನಕ್ಕು, ಜೀಪಿನ ಬಾಗಿಲು ಹಿಡಿದುಕೊಂಡು, "ಹೌದಮ್ಮ, ಇನ್ನು ಸರ್ಕಾರದ ಸರದಿ" ಎಂದಿರಿ. ನಿಮ್ಮ ಸಹಾಯಕರು ಫೋಟೋ ತೆಗೆದರು. ನಗದೆ ಇದ್ದವಳು ಕಾಟಮ್ಮ ಒಬ್ಬಳೇ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ. ಮಾರನೆಯ ದಿನ ಬೆಳಗ್ಗೆ ನಾನು ತುರುವೇಕೆರೆಗೆ ಹೊರಟುಹೋದೆ. ಅಲ್ಲಿ ನನ್ನ ತಂಗಿಗೆ ಕಣ್ಣಿನ ಪೊರೆಯ ಆಪರೇಷನ್, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ.

ಅವತ್ತು ಎಂಟು ಗಂಟೆಗೆ ಯಮುನಾ ಜಡೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಎದುರು ಮನೆಯ ಕಾಟಮ್ಮ ಚೀಲ ಹಿಡಿದು ಸಂಪಿಗೆ ಎಂಬ ಊರಿಗೆ ಹೊರಟಿದ್ದಳು, ದೇವರಿಗೆ ಹರಕೆ ಒಪ್ಪಿಸುವುದಿತ್ತು. ಕೋಲು ಬಾಗಿಲಲ್ಲಿಲ್ಲ ಅಂದ ಮೇಲೆ ಸರದಿ ಅವಳದಲ್ಲ, ಬಿಡುವಾಯಿತು. "ಸರ್ಕಾರದೋರು ಬತ್ತಾರೆ ಕಣವ್ವ, ಹೇಳ್ಯವ್ರೆ," ಎಂದು ಧೈರ್ಯ ಹೇಳಿ ಹೋದಳು. ಬಸ್ಸು ಹೋಯಿತು. ಎರಡನೇ ದಿನವೂ ಹೋಯಿತು. ಮೂರನೆಯ ದಿನ ಯಾರೋ ಈರಣ್ಣನನ್ನು ಕೇಳಿದರು. ಈರಣ್ಣ ಸಂತೆಯಿಂದ ಬಂದು ವಿಷಯ ತಿಳಿದುಕೊಂಡಿದ್ದ. "ಕೋಲು ಯಾರ ಮನೇಲೈತೋ ಸರದಿ ಅವರ್ದೇ ಕಣ್ಲಾ. ಮಾತು ಕೊಟ್ಟು ತಗಂಡೋಗವ್ರೆ. ದೊಡ್ಡೋರು, ನಾಕು ಕೆಲ್ಸ ಇರ್ತವೆ, ಬತ್ತಾರೆ. ಅಲ್ಲೀಗಂಟ ನಾವು ಕೈ ಹಾಕಿದ್ರೆ ಅವ್ರಿಗೆ ಮರ್ಯಾದೆ ಕಳೆದಂಗಾಯ್ತದೆ," ಎಂದು ತೀರ್ಪು ಕೊಟ್ಟ. ಗಮನಿಸಿ, ಮಾನ್ಯರೇ. ಹದಿನಾರು ಮನೆಯವರು ನಿಮ್ಮ ಮೇಲೆ ಸಿಟ್ಟಿನಿಂದ ಸುಮ್ಮನಿದ್ದದ್ದಲ್ಲ, ಗೌರವದಿಂದ ಸುಮ್ಮನಿದ್ದರು. ಸರ್ಕಾರ ಹೇಳಿದ ಮಾತನ್ನು ಅಕ್ಷರಶಃ ನಂಬುವ ಜನ ಈ ಕಾಲದಲ್ಲೂ ಇದ್ದಾರೆ ಎಂದು ನೀವು ಸಂತೋಷಪಡಬೇಕು. ನಿಮ್ಮನ್ನು ಹಟ್ಟಿಯ ಹದಿನೇಳನೆಯ ಮನೆ ಎಂದು ಸೇರಿಸಿಕೊಂಡಿದ್ದಾರೆ, ಇಂಥ ಗೌರವ ಇಪ್ಪತ್ತೆಂಟು ವರ್ಷ ದುಡಿದ ನನಗೂ ಸಿಕ್ಕಿರಲಿಲ್ಲ.

ಒಂಬತ್ತನೆಯ ದಿನ ಪ್ರಾಯೋಗಿಕ ಪರೀಕ್ಷೆ. ಪರೀಕ್ಷೆಯ ದಿನವಾದರೂ ಬಂದೇ ಬರುತ್ತೀರೆಂದು ಯಮುನಾ ಏಳೂವರೆಗೇ ಕುರ್ಚಿ ಒರೆಸಿ ಇಟ್ಟಿದ್ದಳು. ಎಂಟಾಯಿತು, ಎಂಟೂ ಐದಾಯಿತು. "ನೀ ಹೋಗು," ಎಂದಳು ನಿಂಗಮ್ಮ. "ನಂಗೇನಾಯ್ತದೆ? ಹೋಗು ಅಂದ್ನಲ್ಲಾ." ಯಮುನಾ ಅಮ್ಮನ ಎರಡೂ ಪಕ್ಕ ದಿಂಬು ಒತ್ತಿ, ಓಡಿದಳು. ಬಸ್ಸು ಬಂತು, ಬಾಗಿಲು ತೆರೆಯಿತು, ಕಂಡಕ್ಟರ್ "ಹತ್ತವ್ವ" ಅಂದ. ಅವಳಿಗೆ ಹತ್ತಲಾಗಲಿಲ್ಲ. ತಿರುಗಿ ಮನೆಗೆ ಓಡಿದಳು. ಬಂದ ಮಗಳನ್ನು ನೋಡಿ ನಿಂಗಮ್ಮ ಎಡಗೈಯಲ್ಲಿ ಮಂಚಕ್ಕೆ ಗುದ್ದಿ ಗುದ್ದಿ ಅತ್ತಳಂತೆ. "ನಾನಾದ್ರೂ ಸಾಯಬಾರ್ದಾ," ಎಂದಳಂತೆ. ಇದನ್ನು ಬರೆಯುವಾಗ ನನಗೆ ತಮಾಷೆ ಮಾಡಲು ಬರುತ್ತಿಲ್ಲ. ಒಬ್ಬ ತಾಯಿ ಹಾಗೆ ಹೇಳುವ ಸ್ಥಿತಿಗೆ ನನ್ನ ಚಪ್ಪಾಳೆಯ ಆಸೆಯೂ ಕಾರಣ.

ಹನ್ನೆರಡನೆಯ ದಿನ ನಾನು ವಾಪಸು ಬಂದೆ. ವಿಷಯ ತಿಳಿದು ಯಮುನಾಳನ್ನೇ ಗದರಿದೆ. "ಅಕ್ಕಪಕ್ಕದವರು ಸತ್ತಿದ್ದರಾ? ಒಬ್ಬರನ್ನು ಕರೆಯಬಾರದಿತ್ತಾ?"

ಹುಡುಗಿ ಅಮ್ಮನಿಗೆ ಕೇಳಿಸದಂತೆ ನನ್ನನ್ನು ಹೊರಗೆ ಕರೆತಂದಳು. "ಸರದಿ ಅಂದ್ರೆ ಅವರೇ ಬತ್ತಾರೆ ಮಿಸ್. ಬಂದು ನನ್ನೇ ಬೈತಾರೆ, ಇನ್ನೂ ಹೊರಟಿಲ್ವೇನೇ ಅಂತ. ಕರೆದ್ರೂ ಬತ್ತಾರೆ. ಆದ್ರೆ ಆಗ ಉಪಕಾರ ಆಯ್ತದೆ. ನಾಳೆ ಅವರ ಮುಖ ಹೆಂಗೆ ನೋಡ್ಲಿ? ದಿನಾ ಒಬ್ಬರ ಉಪಕಾರ ಅಂದ್ರೆ ಎಷ್ಟು ಜನದ ಮುಂದೆ ತಲೆ ಬಗ್ಸಿ ನಡೀಲಿ?"

ಮಾನ್ಯರೇ, ಬೆಂಬಲ ಸೇವೆ ಎಂದರೇನು ಎಂಬುದರ ಬಗ್ಗೆ ನಿಮ್ಮ ಘಟಕ ಎಷ್ಟು ಪುಟದ ವರದಿ ತಂದಿದೆಯೋ ನನಗೆ ಗೊತ್ತಿಲ್ಲ. ಈ ಹುಡುಗಿಯ ಮಾತನ್ನು ಅದರ ಮೊದಲ ಪುಟದಲ್ಲಿ ಹಾಕಿ. ನಾನು ಇದನ್ನು ಬೇರೆಯವರಿಂದ ಕೇಳಿ ಹೇಳುತ್ತಿಲ್ಲ. ನನಗೆ ಹದಿಮೂರು ವರ್ಷವಿದ್ದಾಗ ನನ್ನ ಅವ್ವನಿಗೆ ಕೀಲುವಾತ ಹತ್ತಿ ಕೈಬೆರಳು ಮಡಚಿಕೊಂಡವು, ಸೀರೆ ಉಡಲೂ ಆಗುತ್ತಿರಲಿಲ್ಲ. ಎಂಟನೇ ತರಗತಿಯ ಮಧ್ಯದಲ್ಲಿ ನನ್ನ ಚೀಲವನ್ನು ಅಟ್ಟದ ಮೇಲೆ, ಕೊಬ್ಬರಿಗೆಂದು ಹಾಕಿದ್ದ ಕಾಯಿಗಳ ಪಕ್ಕದಲ್ಲಿಟ್ಟರು. ಅವ್ವ ಹುಷಾರಾದ ಮೇಲೆ ಇಳಿಸೋಣ ಎಂದರು. ವರ್ಷ ತುಂಬಿದಾಗ ಕಾಯಿ ಇಳಿಸಿದರು, ಸುಲಿದರು, ತಿಪಟೂರಿಗೆ ಕಳಿಸಿದರು. ಚೀಲ ಅಲ್ಲೇ ಉಳಿಯಿತು. ತೆಂಗಿನಕಾಯಿಯನ್ನು ಅಟ್ಟದಲ್ಲಿ ಹಾಕಿ ಮರೆತರೆ ಒಳ್ಳೆಯ ಕೊಬ್ಬರಿಯಾಗುತ್ತದೆ, ಹುಡುಗಿಯರ ಓದು ಹಾಗಾಗುವುದಿಲ್ಲ. ಊರಿಗೆ ಊರೇ ನನ್ನನ್ನು ಹೊಗಳುತ್ತಿತ್ತು. "ಮಗಳು ಅಂದ್ರೆ ಇವಳು ಕಣೇ" ಎನ್ನುತ್ತಿದ್ದರು. ಹಾಗೆ ಹೊಗಳಿದವರಲ್ಲಿ ಒಬ್ಬರಾದರೂ, "ಇವತ್ತೊಂದು ದಿನ ನಾನು ಕೂತಿರ್ತೀನಿ, ನೀನು ಸ್ಕೂಲಿಗೆ ಹೋಗು" ಎಂದಿದ್ದರೆ! ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಖಾಸಗಿಯಾಗಿ ಕಟ್ಟಿ, ಮಗಳನ್ನು ಸೊಂಟದ ಮೇಲಿಟ್ಟುಕೊಂಡು. ಹೊಗಳಿಕೆ ಎಂಬುದು ಕೊಡುವವರಿಗೆ ಅಗ್ಗ ಎಂದು ನನಗೆ ಅಂದಿನಿಂದ ಗೊತ್ತು. ಅದಕ್ಕೇ ನೀವು ಯಮುನಾಗೆ ಕೊಡಲು ನಿರ್ಧರಿಸಿರುವ "ಆದರ್ಶ ಪುತ್ರಿ" ಪ್ರಶಸ್ತಿಯ ಆಹ್ವಾನಪತ್ರ ಓದಿ ನನಗೆ ನಗು ಬರಲಿಲ್ಲ. ಅದೂ ಬೆಳಗ್ಗೆ ಹತ್ತಕ್ಕೇ ಇದೆ.

ಯಮುನಾಗೆ ಕಾಲೇಜು ರಜೆ ಇದ್ದ ದಿನ, ಕೋಲು ಬೇಡಲು ನಾನು ತಿಪಟೂರಿನ ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಪ್ರವಾಸದಲ್ಲಿದ್ದಿರಿ. ಕೋಲು ಗಾಜಿನ ಬೀರುವಿನಲ್ಲಿ ಚೆನ್ನಾಗಿದೆ, ಎಣ್ಣೆ ಹಚ್ಚಿಸಿದ್ದೀರಿ. "ಸಮುದಾಯ ಆಧಾರಿತ ಆರೈಕೆಯ ನವೀನ ಸಾಧನ" ಎಂಬ ಚೀಟಿ ಅಂಟಿಸಿದೆ. ವಾಪಸು ಕೊಡಿ ಎಂದರೆ ನಿಮ್ಮ ಸಹಾಯಕರು ಗಾಬರಿಯಾದರು. ಪಾಪ, ಅವರ ತಪ್ಪಲ್ಲ. ಅದು ದಾಸ್ತಾನು ಪುಸ್ತಕಕ್ಕೆ ಏರಿಬಿಟ್ಟಿದೆಯಂತೆ. ಹೊರಗೆ ಹೋಗಬೇಕಾದರೆ ಸಮಿತಿ ಕೂತು ಅದನ್ನು "ಅನುಪಯುಕ್ತ" ಎಂದು ಘೋಷಿಸಬೇಕಂತೆ. ನೂರಾ ಹದಿನೆಂಟು ದಿನ ಒಬ್ಬ ಹುಡುಗಿಯನ್ನು ಕಾಲೇಜಿಗೆ ಕಳಿಸಿದ ಕೋಲು! ನಿಮ್ಮ ಕಚೇರಿಗೆ ಬಂದ ದಿನದಿಂದ ಅದು ಅನುಪಯುಕ್ತವಾಗಿದೆ ಎಂಬುದಂತೂ ನಿಜ, ಘೋಷಿಸಲು ಸಮಿತಿ ಯಾಕೆ ಬೇಕು?

ಇನ್ನೊಂದು ಕೋಲು ಕಡಿದುಕೊಳ್ಳಿ, ಬಿದಿರಿಗೇನು ಬರವೇ ಎಂದು ನೀವು ಕೇಳಬಹುದು. ನಾನೂ ಈರಣ್ಣನನ್ನು ಅದನ್ನೇ ಕೇಳಿದೆ. ಅವನು ನನ್ನನ್ನು ಅಂಗನವಾಡಿಯ ಮಗುವಿನಂತೆ ನೋಡಿದ. "ಒಂದು ಕೆಲ್ಸಕ್ಕೆ ಎರಡು ಕೋಲು ಆದ್ರೆ, ಇನ್ನೊಬ್ಬ ಹೋಗಿರ್ತಾನೆ ಅಂತ ಇಬ್ರೂ ಮನೇಲಿ ಮಲೀಕಂತಾರೆ ಕಣಮ್ಮ. ಮೊದ್ಲಿಂದು ತರ್ಸು." ಇದಕ್ಕಿಂತ ಚೆನ್ನಾಗಿ ನಮ್ಮ ಇಲಾಖೆಗಳ ಕಾರ್ಯವೈಖರಿಯನ್ನು ವಿವರಿಸಿದವರನ್ನು ನಾನು ಕಂಡಿಲ್ಲ. ಹಾಗಾಗಿ ಕಳೆದ ಹನ್ನೊಂದು ದಿನದಿಂದ ಕುರ್ಚಿಯಲ್ಲಿ ನಾನು ಕೂರುತ್ತಿದ್ದೇನೆ. ಬೇರೆಯವರ ಸರದಿ ಕಿತ್ತುಕೊಂಡಳೆಂದು ಹಟ್ಟಿಯವರು ನನ್ನನ್ನು ಬೈಯಬೇಕಿತ್ತು, ಬೈಯಲಿಲ್ಲ. ಅಂಗನವಾಡಿಯಲ್ಲಿದ್ದವಳು ಸರ್ಕಾರದವಳೇ ತಾನೆ, ಸಾಹೇಬರು ತಮ್ಮ ಬದಲಿಗೆ ಕಳಿಸಿದ್ದಾರೆ ಎಂದುಕೊಂಡಿದ್ದಾರೆ. ಹೀಗೆ ನಿವೃತ್ತಳಾದ ಮೇಲೂ ನಿಮ್ಮ ಕೈಕೆಳಗೆ ನೌಕರಿ ಮಾಡುತ್ತಿದ್ದೇನೆ, ನೇಮಕಾತಿ ಪತ್ರ ಯಾವಾಗಲಾದರೂ ಕಳಿಸಿ, ಅವಸರವಿಲ್ಲ. ನನ್ನ ಮೊಣಕಾಲಿಗೆ ಮಾತ್ರ ಅವಸರವಿದೆ. ನಿಂಗಮ್ಮನನ್ನು ಹೊರಳಿಸುವಾಗ ಇಬ್ಬರೂ ಸೇರಿ ನರಳುತ್ತೇವೆ. "ಬಂದ್ರಾ… ನಿಮ್ಮ ಸರ್ಕಾರ?" ಎಂದು ಅವಳು ದಿನಾ ತೊದಲುತ್ತ ಕೇಳಿ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಾಳೆ.

ಈಗ ನನ್ನ ಬೇಡಿಕೆ. ಪರೀಕ್ಷೆಗೆ ಗೈರಾದವರಿಗೆ ಬರುವ ಸೋಮವಾರ ಇನ್ನೊಂದು ಅವಕಾಶ ಇದೆಯೆಂದು ಕಾಲೇಜಿನ ಪ್ರಿನ್ಸಿಪಾಲರು ದೊಡ್ಡ ಮನಸ್ಸು ಮಾಡಿ ಹೇಳಿದ್ದಾರೆ. ಆದರೆ ಗೈರುಹಾಜರಿಗೆ ಕಾರಣವೇನೆಂದು ಸೂಕ್ತ ಅಧಿಕಾರಿಯ ಪತ್ರ ಬೇಕು. ನಿಮ್ಮ ಕಚೇರಿಯಲ್ಲಿ ಕೇಳಿದರೆ, ಹುಡುಗಿಗೇ ಕಾಯಿಲೆಯಾಗಿದ್ದರೆ ಡಾಕ್ಟರ ಸರ್ಟಿಫಿಕೇಟು ತನ್ನಿ, ತಾಯಿಯ ಕಾಯಿಲೆಗೆ ಅಂಥ ನಮೂನೆ ಇಲ್ಲ ಎಂದು ಕೈತೊಳೆದುಕೊಂಡರು. ತಾಯಿಯ ಕಾಯಿಲೆಗೆಂದೇ ತೆರೆದ ಕಚೇರಿಯಲ್ಲಿ ತಾಯಿಯ ಕಾಯಿಲೆಗೆ ನಮೂನೆ ಇಲ್ಲದಿದ್ದರೆ ಇನ್ನೆಲ್ಲಿ ಇರುತ್ತದೆ? ನಮೂನೆ ಬೇಡ, ಬಿಳಿ ಹಾಳೆ ಸಾಕು. "ಅಂದು ಸರದಿ ನಮ್ಮದಾಗಿತ್ತು, ನಾವು ಹೋಗಲಿಲ್ಲ, ಆದ್ದರಿಂದ ಯಮುನಾ ಪರೀಕ್ಷೆಗೆ ಬರಲಾಗಲಿಲ್ಲ" ಎಂದು ಬರೆದು ಮೊಹರು ಒತ್ತಿ. ಸತ್ಯವನ್ನು ಬರೆಯಲು ಮೂರು ಸಾಲು ಸಾಕಾಗುವ ಸಂದರ್ಭ ಸರ್ಕಾರಿ ನೌಕರಿಯಲ್ಲಿ ಪದೇ ಪದೇ ಬರುವುದಿಲ್ಲ.

ಎರಡನೆಯದಾಗಿ, ಕೋಲನ್ನು ಅಂಚೆಯಲ್ಲಿ ಕಳಿಸಬೇಡಿ, ಜವಾನನ ಕೈಲೂ ಕಳಿಸಬೇಡಿ. ಹಟ್ಟಿಯ ಕ್ರಮದಲ್ಲಿ ಸರದಿ ಮುಗಿಸದವರು ಕೋಲು ದಾಟಿಸುವಂತಿಲ್ಲ. ಸೋಮವಾರ ಬೆಳಗ್ಗೆ ಎಂಟಕ್ಕೆ ಆ ಪತ್ರವನ್ನೂ ಹಿಡಿದುಕೊಂಡು ನೀವೇ ಬನ್ನಿ. ಕೆಲಸ ಕಷ್ಟದ್ದಲ್ಲ, ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಬೇಕು, ಮುದ್ದೆಯನ್ನು ಸಾರಿನಲ್ಲಿ ಕಲಸಿ ಎಡದವಡೆಗೆ ಇಡಬೇಕು, ನೀರನ್ನು ಚಮಚದಲ್ಲಿ ಕೊಡಬೇಕು. ಉಳಿದದ್ದಕ್ಕೆ ಮುಜುಗರವಾದರೆ ನಿಮ್ಮ ಘಟಕದ ಹೆಣ್ಣುಮಗಳೊಬ್ಬಳನ್ನು ಜೊತೆಗೆ ಕರೆತನ್ನಿ, ಜ್ಞಾನೇಶ್ ಹಾಗೇ ಮಾಡಿದ್ದ. ನಿಂಗಮ್ಮ ಬೈದರೆ ಬೈಸಿಕೊಳ್ಳಿ. ನಾಲ್ಕೂವರೆಗೆ ಯಮುನಾ ಬಂದಾಗ ಎದ್ದು, ಕೋಲನ್ನು ಕಾಟಮ್ಮನ ಬಾಗಿಲಿಗೆ ಒರಗಿಸಿ ಜೀಪು ಹತ್ತಿ. ಅಲ್ಲಿಂದ ಮುಂದೆ ಹದಿನಾರು ಮನೆಯವರು ನೋಡಿಕೊಳ್ಳುತ್ತಾರೆ. ಹದಿನೇಳು ದಿನಕ್ಕೊಮ್ಮೆ ಅದು ನಿಮ್ಮ ಬಾಗಿಲಿಗೆ ಬರುತ್ತದೆ. ನಿಮ್ಮ ಬೆಂಬಲ ಸೇವೆ ಏನೆಂದು ಯಾರಾದರೂ ಕೇಳಿದರೆ ಆಗ ಕರಪತ್ರ ಹುಡುಕಬೇಕಾಗಿಲ್ಲ.

ಸೋಮವಾರ ನಾನು ಹಟ್ಟಿಯಲ್ಲಿರುವುದಿಲ್ಲ. ಅವತ್ತು ತಂಗಿಯ ಇನ್ನೊಂದು ಕಣ್ಣಿನ ಆಪರೇಷನ್. ಕೇಳಿದರೆ ಕಾಟಮ್ಮ ಇಲ್ಲವೆನ್ನುವುದಿಲ್ಲ, ನನಗೆ ಗೊತ್ತು. ಆದರೆ "ಕೇಳಬೇಡಿ ಮಿಸ್" ಎಂದು ಯಮುನಾ ಕೈ ಹಿಡಿದುಕೊಂಡಿದ್ದಾಳೆ. ಹಾಗಾಗಿ ನಿನ್ನೆ ಅವಳಿಗೆ ಒಂದು ಮಾತು ಹೇಳಿ ಬಂದಿದ್ದೇನೆ. ಸೋಮವಾರ ಎಂಟೂಕಾಲರ ಬಸ್ಸು ಹತ್ತು, ಹಿಂದಕ್ಕೆ ತಿರುಗಿ ನೋಡಬೇಡ, ಸರದಿಯವರು ಬರುತ್ತಾರೆ ಎಂದಿದ್ದೇನೆ.

ಅವಳು ನನ್ನ ಮಾತು ನಂಬಿದ್ದಾಳೆ.

ಇಂತಿ,
ಹೊಸ ಟವೆಲಿನಲ್ಲಿ ಸುತ್ತಿ ಕೋಲನ್ನೂ, ಹುಡುಗಿಯ ಪರೀಕ್ಷೆಯನ್ನೂ ನಿಮ್ಮ ಜೀಪಿಗೆ ಏರಿಸಿದ ಹೆಡ್ಡಿ,
ಸುನಂದಾ
ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಸದ್ಯಕ್ಕೆ ನಿಮ್ಮ ಬದಲಿ
ಹಂದನಕೆರೆ ಹೋಬಳಿ, ಚಿಕ್ಕನಾಯಕನಹಳ್ಳಿ ತಾಲ್ಲೂಕು